ಹೊಳೆಯ ಹೆಸರು ಹೊತ್ತವರು

ಲಿಂಗಸುಗೂರಿನ ಓದುಗರೊಬ್ಬರ ಪತ್ರದ ಸಾರ: ಮಕ್ಕಳ ಪುಟದಲ್ಲಿ ಹಿಪೊಪೊಟಮಸ್ಸನ್ನು 'ನೀರಾನೆ' ಎಂದಿದ್ದೀರಿ. ಗ್ರೀಕರಿಗೆ ಅದು ಕುದುರೆಯಲ್ಲವೇ? ಮೆಸೊಪೊಟೇಮಿಯಾ, ಅಮೆರಿಕದ ಪೊಟೊಮ್ಯಾಕ್ ನದಿ, ಇವುಗಳಲ್ಲಿರುವುದೂ ಅದೇ ಪದವೇ?

ಸಂಪಾದಕರ ಉತ್ತರ:

ಕುದುರೆಯೇ, ಒಪ್ಪಿದೆ. ಗ್ರೀಕಿನಲ್ಲಿ 'ಹಿಪ್ಪೊಸ್' ಕುದುರೆ, 'ಪೊಟಮೊಸ್' ಹೊಳೆ. ಕ್ರಿ.ಪೂ. 5ನೇ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಈಜಿಪ್ಟಿನ ಈ ಹೊಳೆಗುದುರೆಯನ್ನು ವರ್ಣಿಸಿದ್ದಾನೆ: ಎತ್ತಿನಂಥ ಸೀಳುಗೊರಸು, ಮೊಂಡು ಮೂಗು, ಹೊರಗೆ ಕಾಣುವ ಕೋರೆಹಲ್ಲು, ಕುದುರೆಯದೇ ಕೇಸರ, ಬಾಲ, ದನಿ. ತೊಗಲು ಎಷ್ಟು ದಪ್ಪವೆಂದರೆ ಒಣಗಿಸಿ ಈಟಿಯ ಹಿಡಿ ಮಾಡುತ್ತಾರಂತೆ! ಆದರೆ ಈ ಪ್ರಾಣಿಯ ಪಾದಕ್ಕೆ ನಾಲ್ಕು ಬೆರಳು, ಕೇಸರದ ಸುಳಿವೇ ಇಲ್ಲ, ಬಾಲವೋ ಗಿಡ್ಡ. ಪುಣ್ಯಾತ್ಮ ಅದನ್ನು ಕಣ್ಣಾರೆ ಕಂಡಿರಲಿಕ್ಕಿಲ್ಲ ಎಂದೇ ನನ್ನ ಗುಮಾನಿ. 1758ರಲ್ಲಿ ಪ್ರಾಣಿಗಳಿಗೆ ವೈಜ್ಞಾನಿಕ ಹೆಸರಿಟ್ಟ ಲಿನೇಯಸ್ ಕೂಡ ಹೆಸರಿನಲ್ಲಿ ಕುದುರೆಯನ್ನು ಹಾಗೇ ಉಳಿಸಿಕೊಂಡ. ಈಗಿನ ಜೀವವಿಜ್ಞಾನಿಗಳನ್ನು ಕೇಳಿದರೆ, ಬದುಕಿರುವ ಪ್ರಾಣಿಗಳಲ್ಲಿ ಇದಕ್ಕೆ ಅತಿ ಹತ್ತಿರದ ನೆಂಟರು ತಿಮಿಂಗಿಲ, ಡಾಲ್ಫಿನ್‌ಗಳು. ಕುದುರೆಯೂ ಅಲ್ಲ, ಆನೆಯೂ ಅಲ್ಲ ಎಂದಮೇಲೆ ಮೈಗಾತ್ರ ನೋಡಿ ನಮ್ಮ ಜನ ಇಟ್ಟ 'ನೀರಾನೆ'ಯನ್ನು ನಾವೇಕೆ ಬಿಡಬೇಕು? ಮುಂದೆಯೂ ಹಾಗೇ ಅಚ್ಚುಮಾಡುತ್ತೇವೆ.

ವಿಜ್ಞಾನಿಗಳಿಗೆ ಹೊಳೆ ಎಂಬರ್ಥದ ಈ 'ಪೊಟಮೊಸ್' ಪದ ಬಲು ಒಗ್ಗಿದೆ. ಆಫ್ರಿಕದ ಕೆಂಪು ಹೊಳೆಹಂದಿಯ ಕುಲ ಪೊಟಮೊಕೀರಸ್. ದಕ್ಷಿಣ ಅಮೆರಿಕದ ನದಿಗಳಲ್ಲಿರುವ ಮುಳ್ಳುಬಾಲದ ತೊರಕೆ ಮೀನು ಪೊಟಮೊಟ್ರೈಗಾನ್. ಇದರ ಸಂಬಂಧಿಕರೆಲ್ಲ ಹೆಚ್ಚಾಗಿ ಕಡಲಿನವರಾದ್ದರಿಂದ ಹೆಸರಲ್ಲಿ ಹೊಳೆ ಸೇರಿಸಿದ್ದು ಸಾರ್ಥಕವೇ.

ಇನ್ನು ಊರು, ನಾಡುಗಳು. ಕ್ರಿ.ಪೂ. 405ರಲ್ಲಿ ಸ್ಪಾರ್ಟಾದ ಲೈಸಾಂಡರ್ ಅಥೆನ್ಸಿನ ನೌಕಾಪಡೆಯನ್ನು ಮುಗಿಸಿದ ಈಗೊಸ್‌ಪೊಟಮಿ ಎಂಬ ಜಾಗ 'ಆಡಿನ ಹೊಳೆ'. ಮೆಸೊಪೊಟೇಮಿಯಾ ಎಂದರೆ ಹೊಳೆಗಳ ನಡುವಣ ನಾಡು; ಯೂಫ್ರೆಟಿಸ್, ಟೈಗ್ರಿಸ್‌ಗಳ ನಡುವಿನದು, ಬಹುಪಾಲು ಇಂದಿನ ಇರಾಕ್. ಪರಾನಾ, ಉರುಗ್ವೆ ನದಿಗಳ ನಡುವಿನ ಸೀಮೆಗೆ ಅರ್ಜೆಂಟೀನಾದವರೂ ಅದೇ ಹೆಸರಿಟ್ಟುಕೊಂಡಿದ್ದಾರೆ. ಅಷ್ಟು ದೂರವೇಕೆ, ನೀವೇ ಅಂಥದೊಂದು ನಾಡಿನಲ್ಲಿ ಕೂತು ಪತ್ರ ಬರೆದಿದ್ದೀರಿ! ಕೃಷ್ಣಾ, ತುಂಗಭದ್ರೆಯರ ನಡುವಿನ ನಿಮ್ಮ ಸೀಮೆ ಶಾಸನಗಳಲ್ಲಿ ಎಡೆದೊರೆ ನಾಡು. ರಾಜೇಂದ್ರ ಚೋಳ ತಾನು ಗೆದ್ದ ನಾಡುಗಳ ಪಟ್ಟಿಯಲ್ಲಿ 'ಇಡೈತುರೈ ನಾಡು' ಎಂದು ಹೇಳಿಕೊಂಡದ್ದು ಇದನ್ನೇ ಎಂದು ಬಹುತೇಕ ಇತಿಹಾಸಕಾರರ ಮತ.

ಪೊಟೊಮ್ಯಾಕ್ ಮಾತ್ರ ಈ ಬಳಗದ್ದಲ್ಲ. ಅದು ಅಲ್ಲಿನ ಮೂಲನಿವಾಸಿಗಳ ಆಲ್ಗಾಂಕಿಯನ್ ನುಡಿಯ ಹೆಸರು. 1608ರಲ್ಲಿ ಆ ನದಿಯಲ್ಲಿ ದೋಣಿ ನಡೆಸಿದ ಜಾನ್ ಸ್ಮಿತ್ ಅದನ್ನು 'ಪಟವೊಮೆಕ್' ಎಂದು ಬರೆದುಕೊಂಡಿದ್ದ.