ಠ ದುಂಡಗಿದೆಯೇ ನೋಡಿ

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಅಪ್ಪ ಕೈಯಲ್ಲಿ ಬರೆದಿಟ್ಟ ಯಕ್ಷಗಾನ ಪ್ರಸಂಗಗಳನ್ನು ಟೈಪ್ ಮಾಡುತ್ತಿದ್ದೇನೆ. ವಿಂಡೋಸ್ 10ಕ್ಕೆ ಇನ್ನು ಬೆಂಬಲವಿಲ್ಲವೆಂದು ತಮ್ಮನ ಮಗ ದೀಪಾವಳಿಗೆ ಬಂದಾಗ ಲಿನಕ್ಸ್ ಮಿಂಟ್ ಹಾಕಿಕೊಟ್ಟು ಬೆಂಗಳೂರಿಗೆ ಹೋದ. ಮಳೆಗಾಲ ಹಿಡಿಯುವವರೆಗೂ ಚೆನ್ನಾಗಿತ್ತು. ಈಗ ಅಕ್ಷರಗಳೆಲ್ಲ ಅಡ್ಡಕ್ಕೆ ಹಿಗ್ಗಿ ಮಸುಕಾಗಿವೆ. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 1024×768ಕ್ಕಿಂತ ದೊಡ್ಡ ಸಂಖ್ಯೆಯೇ ಇಲ್ಲ. ಮಾನಿಟರ್ 18.5 ಇಂಚಿನದು, ನೀಲಿ ತುದಿಯ ಕೇಬಲ್. ಮತ್ತೆ ವಿಂಡೋಸ್ ಹಾಕಿಸಲೇ?
— ಹೆಸರು ಬೇಡ, ಬೇಲೇಕೇರಿ

ಉತ್ತರ: ಅಕ್ಕೋರೇ, ವಿಂಡೋಸ್ ಹಾಕಿಸಬೇಡಿ. ದೀಪಾವಳಿಯಿಂದ ಸರಿಯಿದ್ದದ್ದು ಮಳೆ ಹಿಡಿದ ಮೇಲೆ ಕೆಟ್ಟಿತು ಎಂದು ನೀವೇ ಬರೆದಿದ್ದೀರಿ. ನನಗೆ ಸಂಶಯ ಲಿನಕ್ಸಿನ ಮೇಲಲ್ಲ, ಆ ನೀಲಿ ತುದಿಯ ಮೇಲೆ.

ಮೊದಲು ಒಂದು ದೊಡ್ಡ ಠ ಟೈಪ್ ಮಾಡಿ. ನಮ್ಮ ಲಿಪಿಯಲ್ಲಿ ಅದರಷ್ಟು ದುಂಡಗಿನ ಅಕ್ಷರ ಇನ್ನೊಂದಿಲ್ಲ. ಅದು ಮೊಟ್ಟೆ ಮಲಗಿಸಿದಂತೆ ಕಂಡರೆ ಪರದೆಗೆ ಅದರದಲ್ಲದ ಅಳತೆ ಹೋಗುತ್ತಿದೆ ಎಂದರ್ಥ. 18.5 ಇಂಚಿನ ಹಳೆಯ ಮಾನಿಟರ್‌ಗಳಲ್ಲಿ ಸಾಮಾನ್ಯವಾಗಿ ಅಡ್ಡಕ್ಕೆ 1366, ಉದ್ದಕ್ಕೆ 768 ಚುಕ್ಕಿಗಳಿರುತ್ತವೆ. 1024 ಚುಕ್ಕಿಗಳ ಚಿತ್ರವನ್ನು 1366ಕ್ಕೆ ಎಳೆದಾಗ ಪ್ರತಿ ಅಕ್ಷರವೂ ಮೂರನೇ ಒಂದು ಪಾಲು ಅಗಲವಾಗುತ್ತದೆ. ಒಂದು ಚುಕ್ಕಿಯನ್ನು ಒಂದೂಕಾಲು, ಒಂದೂವರೆ ಚುಕ್ಕಿಯಾಗಿ ಬಿಡಿಸಲು ಬರುವುದಿಲ್ಲವಲ್ಲ, ಅಕ್ಕಪಕ್ಕದವುಗಳ ಬಣ್ಣ ಬೆರೆಸಿ ತುಂಬಬೇಕಾಗುತ್ತದೆ. ‘ಲಕ್ಷ್ಮಿ’ಯ ಒತ್ತುಗಳು ಒಂದರೊಳಗೊಂದು ಕರಗಿದಂತೆ ಕಾಣುವುದು ಅದಕ್ಕೇ. ನಿಮ್ಮ ಕಣ್ಣಿನ ದೋಷ ಎಂದುಕೊಳ್ಳಬೇಡಿ.

ದೊಡ್ಡ ಸಂಖ್ಯೆ ಪಟ್ಟಿಯಲ್ಲಿ ಏಕಿಲ್ಲ? ಪ್ರತಿ ಮಾನಿಟರ್‌ನಲ್ಲೂ ಅದರ ಹೆಸರು, ಅಳತೆ ಬರೆದಿಟ್ಟ ಪುಟ್ಟ ಚೀಟಿಯೊಂದಿರುತ್ತದೆ. ಅದಕ್ಕೆ ಇಡಿಐಡಿ ಎನ್ನುತ್ತಾರೆ, ಮೂಲ ಚೀಟಿ 128 ಬೈಟ್‌ಗಳಷ್ಟೇ. ಕಂಪ್ಯೂಟರ್ ಅದನ್ನು ಓದಿ ಪಟ್ಟಿ ತಯಾರಿಸುತ್ತದೆ. ಓದಲಾಗದಿದ್ದರೆ ಲಿನಕ್ಸ್ ಮಾನಿಟರಿಗೆ ಅಪಾಯವಾಗದ 1024×768ಕ್ಕೆ ನಿಲ್ಲುತ್ತದೆ.

‘ಚಿತ್ರ ಬರುತ್ತಿದೆಯಲ್ಲ, ಕೇಬಲ್ ಕೆಟ್ಟಿದ್ದು ಹೇಗೆ?’ ಎಂದು ನೀವು ಕೇಳಬಹುದು. ನೀಲಿ ತುದಿಯ ವಿಜಿಎ ಕೇಬಲ್‌ನಲ್ಲಿ 15 ಪಿನ್‌ಗಳಿಗೆ ಜಾಗವಿದೆ. ಕೆಂಪು, ಹಸಿರು, ನೀಲಿ ಬಣ್ಣಗಳು 1, 2, 3ನೆಯ ಪಿನ್‌ಗಳಲ್ಲಿ ಹೋಗುತ್ತವೆ. ಚೀಟಿ ಬರುವ ದಾರಿ ಬೇರೆ, 12 ಮತ್ತು 15ನೆಯ ಪಿನ್. ಆ ಎರಡರಲ್ಲಿ ಒಂದಕ್ಕೆ ಕಿಲುಬು ಹಿಡಿದರೂ ಸಾಕು, ಚಿತ್ರ ಬರುತ್ತದೆ, ಚೀಟಿ ಬರುವುದಿಲ್ಲ. ಕುಮಟಾದ ನನ್ನ ರಿಪೇರಿ ಮೇಜಿಗೆ ಮಳೆಗಾಲದಲ್ಲಿ ಬರುವ ಇಂಥ ದೂರುಗಳು ಹೆಚ್ಚಿನವು ಕಡಲಂಚಿನ ಮನೆಗಳವು. ಉಪ್ಪುಗಾಳಿ ಕಿಟಕಿಯ ಸರಳನ್ನೇ ತಿನ್ನುವ ಊರಿನಲ್ಲಿ ಕೂದಲೆಳೆಯಂಥ ಪಿನ್ ಎಷ್ಟು ದಿನ ತಡೆದೀತು? ಕೆಲವು ವರ್ಷಗಳ ಹಿಂದೆ ಒಂದು ಶಾಲೆಯ ಕಂಪ್ಯೂಟರಿಗೆ ಇದೇ ಕಾರಣಕ್ಕೆ ಎರಡು ಸಲ ಲಿನಕ್ಸ್ ಹೊಸದಾಗಿ ಹಾಕಿದೆ. ಎರಡು ದಿನ ಮಕ್ಕಳು ಪಾಠವಿಲ್ಲದೆ ಕುಳಿತಿದ್ದರು. ಕೊನೆಗೆ ಬದಲಿಸಬೇಕಾಗಿ ಬಂದದ್ದು ಕೇಬಲ್ ಮಾತ್ರ. ಅಂದಿನಿಂದ ನಾನು ಮೊದಲು ಹಿಡಿಯುವುದು ಟಾರ್ಚ್.

ಕಂಪ್ಯೂಟರ್, ಮಾನಿಟರ್ ಎರಡನ್ನೂ ಆರಿಸಿ, ಪ್ಲಗ್ ತೆಗೆಯಿರಿ. ಕೇಬಲ್‌ನ ಎರಡು ಬದಿಯ ತಿರುಪು ಸಡಿಲಿಸಿ ನೇರವಾಗಿ ಎಳೆಯಿರಿ. ಟಾರ್ಚ್ ಬೆಳಕಿನಲ್ಲಿ ಪಿನ್‌ಗಳನ್ನು ನೋಡಿ: ಹಸಿರು ಕಿಲುಬು, ಕಪ್ಪು ಕಲೆ, ಬಾಗಿದ ಪಿನ್. ನಡುಸಾಲಿನಲ್ಲಿ ಒಂದು ಪಿನ್ ಇಲ್ಲದಿದ್ದರೆ ಗಾಬರಿ ಬೇಡ, 9ನೆಯದನ್ನು ಅನೇಕ ಕೇಬಲ್‌ಗಳಲ್ಲಿ ಹಾಕುವುದೇ ಇಲ್ಲ. ಔಷಧಿ ಅಂಗಡಿಯ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಮೆದು ಬ್ರಷ್ ಅದ್ದಿ ಎರಡೂ ತುದಿ ಉಜ್ಜಿ, ಪೂರ್ತಿ ಆರಿದ ಮೇಲೆ ಸಿಕ್ಕಿಸಿ. ತೆಂಗಿನೆಣ್ಣೆ ಖಂಡಿತ ಹಚ್ಚಬೇಡಿ. ಕಿಲುಬು ಬಿಡದಿದ್ದರೆ ಪಕ್ಕದ ಮನೆಯ ಕೇಬಲ್ ತಂದು ಒಮ್ಮೆ ಹಾಕಿ ನೋಡಿ.

ಬಳಿಕ ಕಂಪ್ಯೂಟರ್ ಚಾಲೂ ಮಾಡಿ ಮೆನುವಿನಲ್ಲಿ ಡಿಸ್‌ಪ್ಲೇ ತೆರೆಯಿರಿ. 1366×768 ಬಂದಿದ್ದರೆ ಅದನ್ನೇ ಆರಿಸಿ ಅಪ್ಲೈ ಒತ್ತಿ. ‘ಇದನ್ನೇ ಉಳಿಸಲೇ?’ ಎಂದು ಕೇಳುತ್ತದೆ. ಪರದೆ ಕಪ್ಪಾದರೆ ಏನನ್ನೂ ಒತ್ತದೆ ಸುಮ್ಮನಿರಿ, ತುಸು ಹೊತ್ತಿನಲ್ಲಿ ತಾನಾಗಿ ಹಳೆಯ ಅಳತೆಗೆ ಮರಳುತ್ತದೆ.

ಹೊಸ ಕೇಬಲ್‌ಗೂ ಜಗ್ಗದಿದ್ದರೆ ಎಕ್ಸ್‌ರ್ಯಾಂಡರ್ ಎಂಬ ಆದೇಶದಿಂದ ಅಳತೆಯನ್ನು ಕೈಯಾರೆ ಹೇಳಿಕೊಡಬಹುದು. ಅದನ್ನು ಫೋನಿನಲ್ಲಿ ತಮ್ಮನ ಮಗನಿಂದಲೇ ಮಾಡಿಸಿಕೊಳ್ಳಿ. ಸ್ಟಾರ್ಟಪ್ ಅಪ್ಲಿಕೇಶನ್ಸ್‌ನಲ್ಲಿ ಸೇರಿಸಲೂ ಹೇಳಿ, ಇಲ್ಲದಿದ್ದರೆ ಯಂತ್ರ ಆರಿಸಿದೊಡನೆ ಅಳಿಸಿಹೋಗುತ್ತದೆ. ಕಿಲುಬು ಹಿಡಿದ ಕೇಬಲ್ ಇಟ್ಟುಕೊಂಡು ಈ ದಾರಿ ಹಿಡಿಯುವುದು ನನಗೆ ಒಪ್ಪಿಗೆಯಿಲ್ಲ.

ಇನ್ನೊಂದು ಮಾತು. ಸರಿಯಾದ ಅಳತೆಗೆ ಬಂದಾಗ ಅಕ್ಷರ ಸಣ್ಣದೆನಿಸಬಹುದು. ಆಗ ಮತ್ತೆ 1024ಕ್ಕೆ ಇಳಿಸಬೇಡಿ. ಸೆಟ್ಟಿಂಗ್ಸ್‌ನ ಫಾಂಟ್ ವಿಭಾಗದಲ್ಲಿ ಅಕ್ಷರದ ಗಾತ್ರ ಹಿಗ್ಗಿಸುವ ಸಂಖ್ಯೆ 1.0 ಎಂದಿರುತ್ತದೆ, ಅದನ್ನು 1.2 ಮಾಡಿ. ಅಕ್ಷರ ದೊಡ್ಡದಾಗುತ್ತದೆ, ಠ ದುಂಡಗೇ ಇರುತ್ತದೆ.