ಪಂಚಾಯಿತಿ ಚುನಾವಣೆಗೆ ನಿಲ್ಲಬೇಕು ಅಂದುಕೊಂಡಿದ್ದೇನೆ, ಗೆಲ್ಲಲು ಎಷ್ಟು ದುಡ್ಡು ಬೇಕು?

ಡಿಗ್ರಿ ಆಗಿದೆ, ವಾರ್ಡ್‌ಗೆ ಮಹಿಳಾ ಮೀಸಲು ಬಂದಿದೆ ಅಂದಿದ್ದೀರಿ. 2020ರ ಡಿಸೆಂಬರ್‌ನಲ್ಲಿ ನಾನೂ ಹೀಗೇ ಲೆಕ್ಕ ಕೇಳುತ್ತಾ ಓಡಾಡಿದ್ದೆ. ತುಮಕೂರು ಜಿಲ್ಲೆಯ ಸಣ್ಣ ಪಂಚಾಯಿತಿ ನಮ್ಮದು. ಗೆದ್ದೆ. ಅಧ್ಯಕ್ಷ ಸ್ಥಾನವೂ ಮಹಿಳೆಗೇ ಬಂದಿತ್ತು, 30 ತಿಂಗಳಿಗೆ ನಾನೇ ಅಧ್ಯಕ್ಷೆ ಆದೆ.

ಹೆಸರಿಗೆ ಹೆಂಡತಿ, ದರ್ಬಾರು ಗಂಡಂದು ಅಂತ ಊರೆಲ್ಲ ಮಾತಾಡಿತು. ನಮ್ಮನೆಯವರು ಆಫೀಸಿನ ಹೊಸಿಲೂ ತುಳಿಯಲಿಲ್ಲ. ನಾನು ಎಡವಿದ್ದು ಬೇರೆ ಕಡೆ.

ಕೇಂದ್ರ ಹಣಕಾಸು ಆಯೋಗದ ದುಡ್ಡಲ್ಲಿ ಪಂಚಾಯಿತಿ ಮಾಡಿಸೋ ಕಾಮಗಾರಿ ಬಿಲ್ಲುಗಳಿಗೆ ಈಗ ಚೆಕ್ ಇಲ್ಲ. ಅಧ್ಯಕ್ಷರದ್ದೊಂದು, ಪಿಡಿಒ ಅಂದ್ರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯದ್ದೊಂದು ಡಿಎಸ್‌ಸಿ ಕೀ, ಅಂದ್ರೆ ಡಿಜಿಟಲ್ ಸಹಿಯ ಕೀ ಇರುತ್ತೆ, ನೋಡೋಕೆ ಪೆನ್‌ಡ್ರೈವ್ ಥರ. ಎರಡೂ ಹಾಕಿ ಪಾಸ್‌ವರ್ಡ್ ಒತ್ತಿದರೇ ದುಡ್ಡು ಹೋಗೋದು. ಆಗ ನನ್ನ ಮಗುವಿಗೆ ಎಂಟು ತಿಂಗಳು. ಪ್ರತಿ ಬಿಲ್ಲಿಗೂ ನಾಲ್ಕು ಕಿಲೋಮೀಟರ್ ಹೋಗಿ ಬರೋದು ಕಷ್ಟ ಅಂತ ಕೀಯನ್ನು ಆಫೀಸಿನ ಡ್ರಾಯರ್‌ನಲ್ಲೇ ಬಿಟ್ಟೆ. ಪಾಸ್‌ವರ್ಡನ್ನೂ ಚೀಟಿಯಲ್ಲಿ ಬರೆದುಕೊಟ್ಟೆ. ಯಾರೂ ಬಲವಂತ ಮಾಡಲಿಲ್ಲ. ಸಹಿ ಹಾಕಿದ ಖಾಲಿ ಚೆಕ್ ಕೊಡಿ ಅಂದಿದ್ದರೆ ಖಂಡಿತ ಕೊಡ್ತಿರಲಿಲ್ಲ. ಇದೂ ಅದೇ ಅಂತ ಹೊಳೆಯಲೇ ಇಲ್ಲ. ಸಹಿ ಅಂದ್ರೆ ಪೆನ್ನಿನಲ್ಲಿ ಹಾಕೋದು ಅಂತಲೇ ತಲೆಯಲ್ಲಿ ಕೂತಿತ್ತು.

ಒಂದು ದಿನ ಅಜ್ಜಿಯೊಬ್ಬರು "ಬಾ ತಾಯಿ ಇಲ್ಲಿ" ಅಂತ ಕೈ ಹಿಡಿದು ನೀರಿನ ಟ್ಯಾಂಕ್ ಹಿಂದಿನ ಓಣಿಗೆ ಕರೆದುಕೊಂಡು ಹೋದರು. ಬಚ್ಚಲ ನೀರು ಅವರ ಹೊಸಿಲವರೆಗೆ ಬಂದಿತ್ತು. 15ನೇ ಹಣಕಾಸು ಆಯೋಗದ ದುಡ್ಡಲ್ಲಿ ಶೇ 60 ನೀರು, ನೈರ್ಮಲ್ಯಕ್ಕೇ ಅಲ್ವಾ, ಚರಂಡಿ ಮಾಡಿಸೋಣ ಅಂತ ಫೈಲ್ ತೆಗೆಸಿದೆ. ಆ ಓಣಿಯ ಚರಂಡಿ ಮುಗಿದಿದೆ ಅಂತ ಅದರಲ್ಲಿ ಬರೆದಿತ್ತು. ಬಿಲ್ ಪಾಸಾಗಿ ಎರಡು ತಿಂಗಳಾಗಿತ್ತು. ಪಾಸ್ ಮಾಡಿದ್ದು ನನ್ನ ಕೀ.

ತನಿಖೆಗೆ ಬಂದವರ ಮುಂದೆ ನನಗೆ ಗೊತ್ತಿರಲಿಲ್ಲ ಅಂದೆ. ಆ ಮಾತು ನಡೆಯಲಿಲ್ಲ. ಆ ಬಿಲ್ಲಿನ ದುಡ್ಡಲ್ಲಿ ನನ್ನ ಪಾಲು ವಾಪಸ್ ಕಟ್ಟಲು ಅಮ್ಮ ಕೊಟ್ಟ ಬಳೆ ಮಾರಿದೆ.

ಅದಕ್ಕೇ ಹೇಳ್ತೀನಿ, ಎಷ್ಟು ದುಡ್ಡು ಬೇಕು ಅಂತ ಕೇಳಲೇಬೇಡಿ. ಹಂಚಿ ಗೆದ್ದರೆ ಮಾರನೇ ದಿನದಿಂದ ಅದನ್ನ ವಾಪಸ್ ತೆಗೆಯೋ ಚಿಂತೆ ಶುರುವಾಗುತ್ತೆ. ಇವತ್ತೇ ಇ-ಗ್ರಾಮ್‌ಸ್ವರಾಜ್ ವೆಬ್‌ಸೈಟ್ ತೆರೆದು ನಿಮ್ಮ ಪಂಚಾಯಿತಿಯ ಕ್ರಿಯಾ ಯೋಜನೆ ನೋಡಿ. ಒಂದು ಕಾಮಗಾರಿ ಹಿಡಿದು ಆ ಜಾಗಕ್ಕೆ ಹೋಗಿ ನಿಲ್ಲಿ. ಆ ಕೆಲಸ ಅಲ್ಲಿ ಕಾಣದಿದ್ದರೆ ಗ್ರಾಮಸಭೆಯಲ್ಲಿ ಎದ್ದು ಕೇಳಿ. ಅದಕ್ಕೆ ಮೆಂಬರ್ ಆಗಬೇಕಿಲ್ಲ, ಊರಿನ ಮತದಾರರಾಗಿದ್ದರೆ ಸಾಕು. ಅಷ್ಟು ಮಾಡೋಕೆ ಧೈರ್ಯ ಬಂದ ಮೇಲೆ ನಾಮಪತ್ರ ಹಾಕಿ.

ಅಜ್ಜಿಯ ಓಣಿಗೆ ಚರಂಡಿ ಆಗಿದ್ದು ನನ್ನ 30 ತಿಂಗಳು ಮುಗಿಯೋ ಹೊತ್ತಿಗೆ. ಟೇಪ್ ಹಿಡಿದು ಅಳೆಯುವಾಗ ಪಕ್ಕದಲ್ಲೇ ನಿಂತಿದ್ದೆ. ಆ ಬಿಲ್ಲಿಗೆ ಕೀ ಹಾಕಲು ಮಗುವನ್ನು ಎತ್ತಿಕೊಂಡು ನಾನೇ ಹೋದೆ.