ಲಾರಿಯ ಮುಂದಿನ ಟೈರ್ ಸವೆತ: ಟೈರಾಡ್‌ಗೆ ಕೈ ಹಾಕುವ ಮೊದಲು

ಪ್ರಶ್ನೆ: ನನ್ನದು ಆರು ಚಕ್ರದ ಲಾರಿ, ರೇಡಿಯಲ್ ಟೈರ್. ಮುಂದಿನ ಎರಡೂ ಟೈರ್‌ಗಳ ಹೊರ ಅಂಚು ಹತ್ತು ಸಾವಿರ ಕಿ.ಮೀ.ಗೇ ಸವೆದಿದೆ. ಗಾಡಿ ಎಡಕ್ಕೂ ಎಳೆಯುತ್ತದೆ. ಎರಡು ಸಲ ಅಲೈನ್‌ಮೆಂಟ್ ಮಾಡಿಸಿದೆ, ಸರಿಹೋಗಲಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ದೂರು ಒಂದಲ್ಲ, ಎರಡು. ಟೋ-ಇನ್ (ಮುಂದಿನ ಚಕ್ರಗಳ ಮುಂಭಾಗ ಹಿಂಭಾಗಕ್ಕಿಂತ ಎಷ್ಟು ಹತ್ತಿರವಿದೆ ಎಂಬ ಅಳತೆ) ತಪ್ಪಿದರೆ ಟೈರ್ ಸವೆಯುತ್ತದೆ, ಆದರೆ ಗಾಡಿ ಒಂದೇ ಕಡೆಗೆ ಎಳೆಯುವುದಿಲ್ಲ. ಓಡುವಾಗ ಆ ತಪ್ಪನ್ನು ಎರಡೂ ಚಕ್ರಗಳು ಸಮವಾಗಿ ಹಂಚಿಕೊಳ್ಳುತ್ತವೆ.

ಮೊದಲು ಟ್ರೆಡ್ (ಟೈರ್ ರಸ್ತೆಗೆ ತಾಗುವ ಮೈ) ಮೇಲೆ ಅಂಗೈ ಅಡ್ಡ ಸವರಿ. ಹೊರಗಿನಿಂದ ಒಳಕ್ಕೆ ನುಣುಪು, ಒಳಗಿನಿಂದ ಹೊರಕ್ಕೆ ಗರಗಸದಂತೆ ಚುಚ್ಚಿದರೆ ಟೋ-ಇನ್ ಹೆಚ್ಚಾಗಿದೆ. ಚುಚ್ಚದೆ ಬರೀ ಅಂಚು ಸವೆದಿದ್ದರೆ ಘಾಟಿಯ ತಿರುವುಗಳೋ ಕ್ಯಾಂಬರೋ (ಮುಂದಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವುದು) ಕಾರಣವಿರಬಹುದು.

ಅಳೆಯುವ ಮುನ್ನ ಸಡಿಲ ಹುಡುಕಿ. ಆಕ್ಸಲ್ ಎತ್ತಿ ಸ್ಟ್ಯಾಂಡ್ ಕೊಟ್ಟು, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ. ಬ್ರೇಕ್ ಒತ್ತಿದಾಗ ಅಲುಗಾಟ ನಿಂತರೆ ಬೇರಿಂಗ್ ಸಡಿಲ. ಆಗಲೂ ಅಲುಗಿದರೆ ಕಿಂಗ್‌ಪಿನ್ (ಚಕ್ರ ಎಡಬಲಕ್ಕೆ ತಿರುಗಲು ಆಧಾರವಾದ ಗೂಟ) ಬುಷ್ ಹೋಗಿದೆ. ಟೈರಾಡ್ (ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ಸರಳು) ಬಾಲ್ ಜಾಯಿಂಟ್, ಡ್ರ್ಯಾಗ್ ಲಿಂಕ್ (ಸ್ಟೀರಿಂಗ್ ಬಾಕ್ಸ್‌ನಿಂದ ಚಕ್ರದ ಕಡೆಗೆ ಹೋಗುವ ಸರಳು), ಸ್ಪ್ರಿಂಗ್ ಪಟ್ಟೆಯನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್‌ಗಳನ್ನೂ ನೋಡಿ. ಇವು ಸಡಿಲವಿದ್ದಾಗ ಹಿಡಿದ ಅಳತೆ ರಸ್ತೆಗೆ ಇಳಿದ ಕೂಡಲೇ ಬದಲಾಗುತ್ತದೆ. ಎರಡು ಸಲ ಮಾಡಿಸಿದ ಅಲೈನ್‌ಮೆಂಟ್ ಹೀಗೇ ಕೆಟ್ಟಿರುವ ಸಾಧ್ಯತೆ ಹೆಚ್ಚು.

ಸಡಿಲ ಸರಿಪಡಿಸಿ, ಗಾಳಿ ಸಮ ಮಾಡಿ, ಚಕ್ರ ತಿರುಗಿಸುತ್ತಾ ಟ್ರೆಡ್ ನಡುವೆ ಸೀಮೆಸುಣ್ಣ ಬಳಿದು ಮೊಳೆಯಿಂದ ಗೆರೆ ಕೊರೆಯಿರಿ. ಗಾಡಿ ಇಳಿಸಿ, ಸಮತಟ್ಟು ನೆಲದಲ್ಲಿ ಕೆಲವು ಮೀಟರ್ ಮುಂದಕ್ಕೆ ಉರುಳಿಸಿ ನೆಟ್ಟಗೆ ನಿಲ್ಲಿಸಿ. ಹಬ್ ಎತ್ತರದಲ್ಲಿ ಗೆರೆಯಿಂದ ಗೆರೆಗೆ ಹಿಂದೆ, ಮುಂದೆ ಅಳೆಯಿರಿ. ಹಿಂದಿನ ಅಳತೆಯಲ್ಲಿ ಮುಂದಿನದನ್ನು ಕಳೆದರೆ ಟೋ-ಇನ್. ಕಂಪನಿ ಕೈಪಿಡಿಯ ಅಂಕಿಯೇ ಅಂತಿಮ. ರೇಡಿಯಲ್‌ಗೆ ಸಾಮಾನ್ಯವಾಗಿ 0–2 ಮಿ.ಮೀ. ಹತ್ತು ಮಿ.ಮೀ. ತಪ್ಪಿದ್ದರೆ, ಒಂದು ಮೀಟರ್ ವ್ಯಾಸದ ಟೈರ್ ಪ್ರತಿ ಕಿಲೋಮೀಟರಿಗೆ ಸುಮಾರು 5 ಮೀಟರ್ ಅಡ್ಡಕ್ಕೆ ಉಜ್ಜಿಕೊಂಡಂತೆ!

ಟೈರಾಡ್ ಆಕ್ಸಲ್ ಹಿಂದಿದ್ದರೆ, ಅದನ್ನು ಉದ್ದ ಮಾಡಿದಾಗ ಟೋ-ಇನ್ ಹೆಚ್ಚುತ್ತದೆ, ಗಿಡ್ಡ ಮಾಡಿದಾಗ ಇಳಿಯುತ್ತದೆ. ಎರಡೂ ಕ್ಲ್ಯಾಂಪ್ ಸಡಿಲಿಸಿ ಪೈಪ್ ತಿರುಗಿಸಿ, ಆದರೆ ಸ್ವಲ್ಪಸ್ವಲ್ಪವೇ: ಥ್ರೆಡ್ ಪಿಚ್ (ಎರಡು ಎಳೆಗಳ ನಡುವಿನ ಅಂತರ) 1.5 ಮಿ.ಮೀ., ಟೈರಾಡನ್ನು ಚಕ್ರಕ್ಕೆ ಸೇರಿಸುವ ಸ್ಟೀರಿಂಗ್ ಆರ್ಮ್ 20 ಸೆಂ.ಮೀ. ಇದ್ದರೆ ಕಾಲು ಸುತ್ತಿಗೇ ಟೈರಿನಲ್ಲಿ ಸುಮಾರು 4 ಮಿ.ಮೀ. ವ್ಯತ್ಯಾಸವಾಗುತ್ತದೆ. ಬಾಲ್ ಜಾಯಿಂಟ್‌ನ ಥ್ರೆಡ್ ಪೈಪಿನ ಸೀಳು ದಾಟಿ ಒಳಗಿರಲೇಬೇಕು. ಇಲ್ಲದಿದ್ದರೆ ಕ್ಲ್ಯಾಂಪ್ ಬಿಗಿದರೂ ಹಿಡಿಯದು. ಬಿಗಿದ ಮೇಲೆ ಗಾಡಿ ಉರುಳಿಸಿ ಮತ್ತೆ ಅಳೆಯಿರಿ. ಸ್ಟೀರಿಂಗ್ ಚಕ್ರ ಓರೆಯಾಗಿದ್ದರೆ ಅದನ್ನು ಕಿತ್ತು ಕೂರಿಸಬೇಡಿ, ಡ್ರ್ಯಾಗ್ ಲಿಂಕ್‌ನಲ್ಲಿ ಸರಿಪಡಿಸಿ. ಸ್ಟೀರಿಂಗ್ ಬಾಕ್ಸ್ ಮಧ್ಯದಲ್ಲಿರಬೇಕು.

ಇನ್ನು ಎಡಕ್ಕೆ ಎಳೆತ. ನಮ್ಮ ರಸ್ತೆಗಳು ಎಡಕ್ಕೆ ಇಳಿಜಾರು, ತುಸು ವಾಲುವುದು ಸಹಜ. ಸಮತಟ್ಟಿನಲ್ಲೂ ಎಳೆದರೆ ಮುಂದಿನ ಟೈರ್‌ಗಳನ್ನು ಅದಲುಬದಲು ಮಾಡಿ. ಎಳೆತ ಬಲಕ್ಕೆ ತಿರುಗಿದರೆ ದೋಷ ಟೈರಿನದು. ಬ್ರೇಕ್ ಹೆಚ್ಚು ಬಳಸದೆ ಓಡಿಸಿ ಬಂದಾಗ ಎಡ ಡ್ರಮ್ ಮಾತ್ರ ಬಿಸಿಯಿದ್ದರೆ ಬ್ರೇಕ್ ಹಿಡಿದುಕೊಂಡಿದೆ. ನಂತರ ಎರಡೂ ಬದಿ ಮುಂದಿನ ಹಬ್‌ನಿಂದ ಹಿಂದಿನ ಹಬ್‌ಗೆ ಅಳೆಯಿರಿ. ವ್ಯತ್ಯಾಸವಿದ್ದರೆ ಸ್ಪ್ರಿಂಗ್ ಪಟ್ಟೆಯ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ ಜರುಗಿರಬಹುದು. ಕೊನೆಗೆ ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಕಿಂಗ್‌ಪಿನ್‌ನ ಮೇಲ್ತುದಿ ಹಿಂದಕ್ಕೆ ವಾಲಿರುವುದು): ಗಾಡಿ ಕ್ಯಾಸ್ಟರ್ ಕಡಿಮೆ ಇರುವ ಬದಿಗೆ ಎಳೆಯುತ್ತದೆ. ಪಟ್ಟೆ ಆಕ್ಸಲ್ ಮೇಲಿದ್ದರೆ, ನಡುವೆ ದಪ್ಪ ತುದಿ ಹಿಂದಕ್ಕೆ ಬರುವಂತೆ ಬೆಣೆ ಇಟ್ಟಾಗ ಕ್ಯಾಸ್ಟರ್ ಏರುತ್ತದೆ.

ಕ್ಯಾಂಬರ್‌ಗಾಗಿ ಆಕ್ಸಲನ್ನು ಕಾಯಿಸಿ ಬಗ್ಗಿಸಲು ಯಾರಾದರೂ ಹೊರಟರೆ ದಯವಿಟ್ಟು ಒಪ್ಪಬೇಡಿ. ಕಾಯಿಸಿದ ಉಕ್ಕು ಬಲ ಕಳೆದುಕೊಳ್ಳುತ್ತದೆ. ಲೋಡಿನಲ್ಲಿ ಅದು ಮುರಿದರೆ ಸ್ಟೀರಿಂಗ್ ನಿಮ್ಮ ಕೈಯಲ್ಲಿ ಇರುವುದಿಲ್ಲ. ಬಗ್ಗಿದ ಆಕ್ಸಲ್ ಬದಲಿಸಿ.